ಕಪ್ಪು ಮನೆ, ಬಿಳಿ ಮನೆ: ಸೈಮನ್ ಟ್ಯಾಥಮ್ ಪಜಲ್ ಸಂಗ್ರಹದ ವಿಮರ್ಶೆ

ಮೊದಲೇ ಹೇಳಿಬಿಡೋಣ, ಈ ಆಟಗಳ ಸಂಗ್ರಹ ನೋಡಲು ಏನೇನೂ ಚೆಂದವಿಲ್ಲ. ಬೂದು ಹಿನ್ನೆಲೆ, ತೆಳು ಗೆರೆ, ಒಂದಷ್ಟು ಅಂಕಿ, ಅಷ್ಟೆ. ಬಿಡಿಸಿ ಮುಗಿಸಿದರೆ ಪಟಾಕಿ ಸಿಡಿಯುವುದಿಲ್ಲ, ನಾಣ್ಯ ಉದುರುವುದಿಲ್ಲ, ಎರಡು ದಿನ ಮುಟ್ಟದಿದ್ದರೆ ‘ಎಲ್ಲಿ ಹೋದಿರಿ’ ಅಂತ ಫೋನು ಕುಟುಕುವುದೂ ಇಲ್ಲ. ಜಾಹೀರಾತಿಲ್ಲ, ಕಾಸೂ ಬೇಡ. ಆದರೆ ಜಾಲದ, ಅಂದರೆ ಚೌಕಟ್ಟಿನ, ಮನೆಗಳಿಗೆ ಕಪ್ಪು ತುಂಬುತ್ತಾ ತರ್ಕದಿಂದ ಬಿಡಿಸುವ ಪಜಲ್‌ಗಳಲ್ಲಿ ಕೈ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗರಡಿ ಸಿಗುವುದು ಕಷ್ಟ.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಸರ್ವರ್‌ಗೆ ಲಾಗಿನ್ ಆಗಲು ‘ಪುಟ್ಟಿ’ ತೆರೆದವರೆಲ್ಲ ಈ ಸಂಗ್ರಹದ ಕರ್ತೃವಿನ ಕೈಕೆಲಸವನ್ನು ಆಗಲೇ ಬಳಸಿದ್ದಾರೆ. ಪುಟ್ಟಿ ಬರೆದ ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಅವರೇ ಇದನ್ನೂ ಶುರು ಮಾಡಿದ್ದು. ಆಮೇಲೆ ಬೇರೆಬೇರೆಯವರು ಆಟಗಳನ್ನು ಸೇರಿಸುತ್ತಾ ಹೋಗಿ ಈಗ ಸುಮಾರು 40 ಆಟಗಳಾಗಿವೆ. ವಿಂಡೋಸ್, ಲಿನಕ್ಸ್, ಬ್ರೌಸರ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಓಡುತ್ತದೆ. ಫೋನಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ನೇರಳೆ ಮಾರ್ಗದ ಮೆಟ್ರೊ ಮೆಜೆಸ್ಟಿಕ್ ಸುರಂಗಕ್ಕೆ ಇಳಿದಾಗ ಸಿಗ್ನಲ್ ಹೋದರೂ ಆಟ ನಿಲ್ಲುವುದಿಲ್ಲ.

ಕಪ್ಪು-ಬಿಳಿ ತುಂಬುವ ಆಟಗಳು ಇದರಲ್ಲಿ ಐದು: ಪ್ಯಾಟರ್ನ್, ರೇಂಜ್, ಸಿಂಗಲ್ಸ್, ಮೊಸಾಯಿಕ್, ಅನ್‌ರೂಲಿ. ಹೆಸರು ನೋಡಿ ಗುರುತು ಹತ್ತುವುದಿಲ್ಲ. ಪ್ಯಾಟರ್ನ್ ಅಂದರೆ ಎಲ್ಲರೂ ನೊನೊಗ್ರಾಮ್ ಅನ್ನುವುದು. ನಿಂಟೆಂಡೊ 1995ರಿಂದ ‘ಪಿಕ್ರಾಸ್’ ಅನ್ನುವ ಹೆಸರಲ್ಲಿ ಮಾರುತ್ತಿರುವುದೂ ಅದೇ. ಸಿಂಗಲ್ಸ್ ಅಂದರೆ ಜಪಾನಿನ ನಿಕೊಲಿ ಪತ್ರಿಕೆಯ ಹಿಟೊರಿ, ರೇಂಜ್ ಅಂದರೆ ಅಲ್ಲಿಯದೇ ಕುರೊಡೊಕೊ. ಹಳೆಯ ಹೆಸರಿನಲ್ಲಿ ಹುಡುಕಿ ‘ಇಲ್ಲಿ ಹಿಟೊರಿ ಇಲ್ಲವಲ್ಲ’ ಅಂದುಕೊಂಡು ವಾಪಸ್ ಹೋಗಬೇಡಿ.

ಪ್ಯಾಟರ್ನ್‌ನಿಂದಲೇ ಶುರು ಮಾಡಬೇಕು. ಪ್ರತಿ ಅಡ್ಡಸಾಲಿಗೂ ಕಂಬಸಾಲಿಗೂ ಸುಳಿವು ಇರುತ್ತದೆ. ‘5 4 3’ ಅಂದರೆ ಆ ಸಾಲಿನಲ್ಲಿ ಐದು, ನಾಲ್ಕು, ಮೂರು ಕಪ್ಪು ಮನೆಗಳ ಗುಂಪುಗಳು ಅದೇ ಕ್ರಮದಲ್ಲಿ ಬರಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ಬಿಳಿ ಮನೆ ಇರಬೇಕು. ಬ್ರೌಸರಿನಲ್ಲಿ ಮೌಸಿನ ಎಡಗುಂಡಿ ಕಪ್ಪಿಗೆ, ಬಲಗುಂಡಿ ಬಿಳಿಗೆ, ನಡುಗುಂಡಿ ಅಳಿಸುವುದಕ್ಕೆ. ಒತ್ತಿ ಹಿಡಿದು ಎಳೆದರೆ ಸಾಲುಸಾಲೇ ತುಂಬುತ್ತದೆ.

ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು, ದೊಡ್ಡ ಅಂಕಿ ಇರುವ ಸಾಲು ಹುಡುಕುವುದು. ಹುಡುಕಬೇಕಾದ್ದು ಸಡಿಲ ಕಡಿಮೆ ಇರುವ ಸಾಲನ್ನು. ಬಿಎಂಟಿಸಿ ಬಸ್ಸಿನ ಹಿಂದಿನ ಉದ್ದ ಸೀಟು ನೆನಪಿಸಿಕೊಳ್ಳಿ. ಐದು ಜನ ಹಿಡಿಯುವ ಕಡೆ ನಾಲ್ವರು ಒತ್ತಾಗಿ ಕೂತಿದ್ದರೆ, ಈ ಕಡೆ ಸರಿದರೂ ಆ ಕಡೆ ಸರಿದರೂ ನಡುವಿನ ಮೂರು ಜಾಗ ತುಂಬಿಯೇ ಇರುತ್ತದೆ. ಲೆಕ್ಕ ಇಷ್ಟೆ: ಸುಳಿವಿನ ಅಂಕಿಗಳನ್ನು ಕೂಡಿ, ನಡುವಿನ ಕಡ್ಡಾಯ ಬಿಳಿ ಮನೆಗಳನ್ನೂ ಸೇರಿಸಿ, ಮೊತ್ತವನ್ನು ಸಾಲಿನ ಉದ್ದದಿಂದ ಕಳೆಯಿರಿ. ಉಳಿದದ್ದೇ ಸಡಿಲ. ಯಾವ ಗುಂಪು ಸಡಿಲಕ್ಕಿಂತ ದೊಡ್ಡದೋ ಅದರಲ್ಲಿ, ಗುಂಪಿನ ಅಳತೆಯಿಂದ ಸಡಿಲ ಕಳೆದಷ್ಟು ಮನೆ ಖಚಿತವಾಗಿ ಕಪ್ಪು.

15 ಮನೆಯ ಸಾಲಿಗೆ ‘5 4 3’ ಸುಳಿವು ಬಂದಿದೆ ಅನ್ನೋಣ. 5+1+4+1+3 ಅಂದರೆ 14. ಸಡಿಲ ಬರೀ 1. ಹಾಗಾಗಿ ಐದರ ಗುಂಪಿನಲ್ಲಿ 4, ನಾಲ್ಕರದರಲ್ಲಿ 3, ಮೂರರದರಲ್ಲಿ 2, ಒಟ್ಟು ಒಂಬತ್ತು ಮನೆ ಒಂದೇ ಏಟಿಗೆ ಕಪ್ಪಾಗುತ್ತವೆ (ಚುಕ್ಕಿ ಅಂದರೆ ಇನ್ನೂ ಇತ್ಯರ್ಥವಾಗದ ಮನೆ):

· ■ ■ ■ ■ · · ■ ■ ■ · · ■ ■ ·

ಅದೇ ಉದ್ದದ ಸಾಲಿಗೆ ‘9’ ಒಂದೇ ಇದ್ದರೆ? ಅಂಕಿ ದೊಡ್ಡದು, ಆದರೆ ಸಡಿಲ 6. ಸಿಗುವುದು ನಡುವಿನ ಮೂರೇ ಮನೆ, 7ರಿಂದ 9. ‘6 2 1’ ಆದರೆ ಸಡಿಲ 4. ಆರರ ಗುಂಪಿನಲ್ಲಿ ಎರಡು ಮನೆ ಸಿಗುತ್ತವೆ (5 ಮತ್ತು 6ನೇ ಮನೆ), ಉಳಿದ ಎರಡು ಗುಂಪಿನಲ್ಲಿ ಏನೂ ಇಲ್ಲ. ಮನೆಯ ಸ್ಥಾನ ಗುರುತಿಸುವಾಗ ಕಣ್ಣಳತೆ ಬೇಡ. ಎಲ್ಲ ಗುಂಪನ್ನೂ ಎಡಕ್ಕೆ ಒತ್ತಿ ಒಮ್ಮೆ ಎಣಿಸಿ, ಬಲಕ್ಕೆ ಒತ್ತಿ ಒಮ್ಮೆ ಎಣಿಸಿ, ಒಂದೇ ಗುಂಪು ಎರಡು ಸಲವೂ ಮುಚ್ಚಿದ ಮನೆಗೆ ಮಾತ್ರ ಕಪ್ಪು ಹಾಕಿ. ಎಡಕ್ಕೆ ಒತ್ತಿದಾಗ ನಾಲ್ಕರ ಗುಂಪು ಮುಚ್ಚಿದ ಮನೆಯನ್ನು ಬಲಕ್ಕೆ ಒತ್ತಿದಾಗ ಐದರ ಗುಂಪು ಮುಚ್ಚಿದರೆ ಅದು ಲೆಕ್ಕಕ್ಕಿಲ್ಲ. ಈ ಒಂದು ಎಡವಟ್ಟಿನಿಂದಲೇ ಅರ್ಧದಷ್ಟು ಜಾಲಗಳು ಕೆಡುವುದು.

ಎರಡನೆಯ ಪಾಠ ಬಿಳಿಯದು. ಕಪ್ಪು ಸಿಗದಿದ್ದಾಗ ಸಾಲನ್ನು ಬಿಟ್ಟು ಮುಂದೆ ಹೋಗುವ ಚಾಳಿ ಬಹಳ ಜನಕ್ಕೆ. ಹತ್ತು ಮನೆಯ ಸಾಲು, ಸುಳಿವು ‘3 1’, 4 ಮತ್ತು 6ನೇ ಮನೆ ಆಗಲೇ ಕಪ್ಪಾಗಿವೆ. ಎರಡನ್ನೂ ಸೇರಿಸಿ 4-5-6 ಮೂರರ ಗುಂಪು ಅಂದುಬಿಡುವುದು ಸುಲಭ. ಆದರೆ 2-3-4 ಮೂರರ ಗುಂಪಾಗಿ, 6ನೆಯದು ಒಂಟಿ ಒಂದಾಗಿರಲೂಬಹುದು. ಎರಡೂ ಸರಿಯೇ, ಹಾಗಾಗಿ ಹೊಸ ಕಪ್ಪು ಮನೆ ಒಂದೂ ಖಚಿತವಿಲ್ಲ. ಈಗ ಎರಡೂ ದಾರಿಯಲ್ಲಿ ಬಿಳಿ ಉಳಿಯುವುದು ಯಾವುದು ನೋಡಿ. ಮೊದಲ ದಾರಿಯಲ್ಲಿ 6ಕ್ಕೆ ಮೂರರ ಗುಂಪು ಮುಗಿಯುತ್ತದೆ, 7 ಬಿಳಿ. ಎರಡನೆಯದರಲ್ಲಿ 6 ಒಂಟಿ, ಆಗಲೂ 7 ಬಿಳಿ. 1ನೇ ಮನೆಯೂ ಎರಡರಲ್ಲೂ ಬಿಳಿಯೇ:

□ · · ■ · ■ □ · · ·

7ನೇ ಮನೆಯ ಆ ಒಂದು ಬಿಳಿ ಗುರುತು ಅದರ ಕಂಬಸಾಲಿನಲ್ಲಿ ಜಾಗ ಇಕ್ಕಟ್ಟು ಮಾಡಿ ಅಲ್ಲಿನ ಸಡಿಲವನ್ನು ಇಳಿಸುತ್ತದೆ. ಸಾಮಾನ್ಯವಾಗಿ ಬಾಗಿಲು ತೆರೆಯುವುದು ಅಲ್ಲೇ. ಬಿಳಿ ಗುರುತು ಹಾಕದೆ ಬರೀ ಕಪ್ಪು ತುಂಬುತ್ತಾ ಹೋಗುವವರು 15×15ರ ಜಾಲದಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತಾರೆ.

ಈ ಆ್ಯಪ್‌ನ ನಿಜವಾದ ಬೆಲೆ ಇರುವುದು ಇಲ್ಲಿ. ನೊನೊಗ್ರಾಮ್ ಅನ್ನುವುದು ಸಾಮಾನ್ಯ ರೂಪದಲ್ಲಿ ಎನ್‌ಪಿ-ಕಂಪ್ಲೀಟ್ ಜಾತಿಯ ಸಮಸ್ಯೆ, ಅಂದರೆ ಎಲ್ಲ ಜಾಲಕ್ಕೂ ಒಗ್ಗುವ ಚುರುಕಾದ ವಿಧಾನ ಯಾರಿಗೂ ಗೊತ್ತಿಲ್ಲ. ಊಹಿಸಿ, ಮುಂದೆ ಹೋಗಿ, ತಪ್ಪಾದರೆ ಹಿಂದೆ ಬರಬೇಕಾದ ಜಾಲಗಳೂ ಇರುತ್ತವೆ. ಆದರೆ ಪ್ಯಾಟರ್ನ್ ಹುಟ್ಟಿಸುವ ಪ್ರತಿ ಜಾಲವನ್ನೂ ಒಂದು ಸಲಕ್ಕೆ ಒಂದೇ ಸಾಲನ್ನು ನೋಡಿ ಬಿಡಿಸಬಹುದು. ಹಾಗೆ ಬಿಡಿಸಲಾಗದ್ದನ್ನು ಪ್ರೋಗ್ರಾಮೇ ಎಸೆದುಬಿಡುತ್ತದೆ. ಅಂದರೆ ಸಿಕ್ಕಿಕೊಂಡಿದ್ದೀರಿ ಅಂದರೆ ಯಾವುದೋ ಒಂದು ಸಾಲಿನಲ್ಲಿ ಕಣ್ಣೆದುರಿನ ಹೆಜ್ಜೆಯನ್ನು ಬಿಟ್ಟಿದ್ದೀರಿ ಅಂತಲೇ ಅರ್ಥ. ಊಹೆ ಮಾಡುವ ಪ್ರಮೇಯವೇ ಇಲ್ಲ. ಕಲಿಯುವವರಿಗೆ ಈ ಭರವಸೆ ದೊಡ್ಡದು. ಎಲ್ಲಿ ಹುಡುಕಬೇಕು ಅನ್ನುವುದಕ್ಕೂ ಕ್ರಮವಿದೆ: ಕಳೆದ ಸಲ ನೋಡಿದ ಮೇಲೆ ಯಾವ ಸಾಲಿನಲ್ಲಿ ಹೊಸ ಗುರುತು ಬಿದ್ದಿದೆಯೋ ಅದನ್ನು ಮಾತ್ರ ಮತ್ತೆ ನೋಡಿ. ಏನೂ ಬದಲಾಗದ ಸಾಲನ್ನು ಹತ್ತು ಸಲ ದಿಟ್ಟಿಸಿದರೂ ಅದು ಹೊಸದೇನನ್ನೂ ಹೇಳುವುದಿಲ್ಲ.

ಇನ್ನೊಂದು ಲಾಭ ಹಲವರಿಗೆ ಕೊರತೆಯಾಗಿ ಕಾಣಬಹುದು. ಇಲ್ಲಿ ಚಿತ್ರವಿಲ್ಲ. 1987ರಲ್ಲಿ ಟೋಕಿಯೊದ ಸ್ಪರ್ಧೆಯೊಂದರಲ್ಲಿ ನೊನ್ ಇಶಿದಾ ಗಗನಚುಂಬಿ ಕಟ್ಟಡದ ದೀಪಗಳನ್ನು ಹಚ್ಚಿ ಆರಿಸಿ ಚಿತ್ರ ಮೂಡಿಸಿ ಗೆದ್ದದ್ದು ಈ ಆಟದ ಮೂಲಗಳಲ್ಲೊಂದು; ನೊನೊಗ್ರಾಮ್ ಅನ್ನುವ ಹೆಸರಿನಲ್ಲಿ ಇರುವುದು ಅವರ ಹೆಸರೇ. ಹಾಗಾಗಿ ಕೊನೆಗೆ ಬೆಕ್ಕೋ ಹೂಜಿಯೋ ಮೂಡಬೇಕು ಅನ್ನುವುದು ವಾಡಿಕೆ. ಪ್ಯಾಟರ್ನ್‌ನಲ್ಲಿ ಮೂಡುವುದು ಮಳೆ ನಿಂತ ಮೇಲೆ ನಮ್ಮ ರಸ್ತೆಯಲ್ಲಿ ಕಾಣುವ ನೀರಿನ ಗುಂಡಿಗಳಂಥ ಆಕಾರ. ಕಸೂತಿ ನಕ್ಷೆಯಂಥ ಅಚ್ಚುಕಟ್ಟು ಬೇಕು ಅನ್ನುವವರಿಗೆ ನಿರಾಸೆ. ಆದರೆ ಚಿತ್ರವಿದ್ದರೆ ‘ಇದು ಮುಖ, ಇಲ್ಲಿ ಇನ್ನೊಂದು ಕಣ್ಣಿರಬೇಕು’ ಅಂತ ಕೈ ತಾನೇ ಓಡುತ್ತದೆ, ತರ್ಕ ಹಿಂದೆ ಬೀಳುತ್ತದೆ. ಗುಂಡಿಗೆ ಆ ಆಮಿಷವಿಲ್ಲ.

ರೇಂಜ್‌ಗೆ ಬಂದರೆ ವೇಷ ಬೇರೆ, ಲೆಕ್ಕ ಅದೇ. ಒಂದು ಮನೆಯಲ್ಲಿ ಅಂಕಿ ಇದ್ದರೆ ಅದು ಬಿಳಿ. ಅಲ್ಲಿ ನಿಂತು ನಾಲ್ಕೂ ದಿಕ್ಕಿಗೆ ನೋಡಿದಾಗ ಕಪ್ಪು ಮನೆ ಅಥವಾ ಅಂಚು ಅಡ್ಡ ಬರುವವರೆಗೆ ಕಾಣುವ ಬಿಳಿ ಮನೆಗಳು, ನಿಂತ ಮನೆಯೂ ಸೇರಿ, ಅಷ್ಟಿರಬೇಕು. ಎರಡು ಕಪ್ಪು ಮನೆ ಪಕ್ಕಪಕ್ಕ ಅಥವಾ ಮೇಲೆ-ಕೆಳಗೆ ತಾಗಬಾರದು (ಮೂಲೆಗೆ ಮೂಲೆ ತಾಗಬಹುದು), ಬಿಳಿ ಮನೆಗಳೆಲ್ಲ ಒಂದಕ್ಕೊಂದು ಸೇರಿಕೊಂಡಿರಬೇಕು. ನಿಂತ ಮನೆಯನ್ನೇ ಎಣಿಸುವುದು ಮರೆಯುವುದು ಇಲ್ಲಿನ ನಿತ್ಯದ ತಪ್ಪು.

9 ಮನೆ ಅಗಲ, 6 ಮನೆ ಎತ್ತರದ ಜಾಲ ತೆಗೆದುಕೊಳ್ಳಿ. ಮೇಲಿನಿಂದ ಮೂರನೇ ಅಡ್ಡಸಾಲು, ಎಡದಿಂದ ಎರಡನೇ ಮನೆಯಲ್ಲಿ 11 ಇದೆ. ಅಲ್ಲಿಂದ ಹೆಚ್ಚೆಂದರೆ ಎಡಕ್ಕೆ 1, ಬಲಕ್ಕೆ 7, ಮೇಲೆ 2, ಕೆಳಗೆ 3 ಕಾಣಬಹುದು. ತನ್ನದೂ ಸೇರಿ 14. ಬೇಕಾದ್ದು 11, ಸಡಿಲ 3. ಬಲಕ್ಕೆ 7ರಲ್ಲಿ ಮೂರನ್ನೂ ಅಲ್ಲೇ ಕಳೆದುಕೊಂಡರೂ 4 ಉಳಿಯಲೇಬೇಕು. ಹಾಗಾದರೆ ಬಲಗಡೆಯ ಮೊದಲ ನಾಲ್ಕು ಮನೆ ಬಿಳಿ, ಚುಕ್ಕಿ ಇಟ್ಟುಬಿಡಿ. ಉಳಿದ ದಿಕ್ಕುಗಳಲ್ಲಿ ಇರುವುದೇ ಮೂರು ಅಥವಾ ಅದಕ್ಕಿಂತ ಕಡಿಮೆ, ಅಲ್ಲಿ ಏನೂ ಹೇಳಲಾಗದು. ಗುಂಪಿನ ಅಳತೆಯಿಂದ ಸಡಿಲ ಕಳೆದದ್ದನ್ನೇ ಇಲ್ಲಿ ದಿಕ್ಕಿನ ಉದ್ದದಿಂದ ಕಳೆದೆವು, ಅಷ್ಟೆ. ಪದಬಂಧ, ಸುಡೊಕು ಮಾಡಿ ಬೇಸತ್ತವರಿಗೆ ಈ ಎರಡು ಆಟಗಳನ್ನು ಒಂದರ ಹಿಂದೆ ಒಂದು ಆಡಿಸಿದರೆ ಈ ನಂಟು ಬೇಗ ಹೊಳೆಯುತ್ತದೆ.

ಸಣ್ಣ ಅಂಕಿಗಳು ಇನ್ನೂ ಬಲವಾದ ಸುಳಿವು. ಜಾಲದ ನಡುವೆ 2 ಇದ್ದರೆ ನಾಲ್ಕು ನೆರೆಯಲ್ಲಿ ಮೂರು ಕಪ್ಪು, ಒಂದು ಬಿಳಿ, ಆ ಬಿಳಿಯ ಆಚೆಗೆ ಮತ್ತೆ ಕಪ್ಪು ಅಥವಾ ಅಂಚು. ಆ ನೆರೆಗಳಲ್ಲಿ ಯಾವುದೋ ಒಂದು ಬಿಳಿ ಅಂತ ಗೊತ್ತಾದ ಕ್ಷಣ ಉಳಿದ ಮೂರೂ ಕಪ್ಪು. ರೇಂಜ್‌ನಲ್ಲಿ ಸುಲಭ-ಕಷ್ಟ ಅನ್ನುವ ಮಟ್ಟ ಆರಿಸುವ ಸೌಲಭ್ಯವಿಲ್ಲ, ಅಳತೆ ಮಾತ್ರ ಬದಲಿಸಬಹುದು. ಅದು ಸ್ವಲ್ಪ ಕಿರಿಕಿರಿ: ಅದೇ 9×6ರಲ್ಲಿ ಒಂದು ಜಾಲ ನೀರು ಕುಡಿದಷ್ಟು ಸಲೀಸು, ಮುಂದಿನದು ತಲೆ ತಿನ್ನುತ್ತದೆ.

ಸಿಂಗಲ್ಸ್‌ನಲ್ಲಿ ಕೂಡಿ ಕಳೆಯುವ ಲೆಕ್ಕ ಇಲ್ಲ. ಜಾಲದ ತುಂಬ ಅಂಕಿ ಇರುತ್ತವೆ; ಯಾವ ಸಾಲಿನಲ್ಲೂ ಒಂದೇ ಅಂಕಿ ಎರಡು ಸಲ ಉಳಿಯದಂತೆ ಕೆಲವನ್ನು ಕಪ್ಪು ಮಾಡಬೇಕು. ಕಪ್ಪು ತಾಗಬಾರದು, ಬಿಳಿ ಒಡೆಯಬಾರದು ಅನ್ನುವ ಎರಡು ನಿಯಮ ರೇಂಜ್‌ನವೇ. ಇಲ್ಲಿ ದುಡಿಯುವುದು ಪ್ಯಾಟರ್ನ್‌ನ ಆ ‘3 1’ ಸಾಲಿನಲ್ಲಿ ಕಂಡ ಯುಕ್ತಿ: ಹೀಗಾದರೂ ಹಾಗಾದರೂ ಫಲ ಒಂದೇ ಆಗಿರುವ ಮನೆಯನ್ನು ಹುಡುಕುವುದು. ‘3 7 3’ ಅಂತ ಪಕ್ಕಪಕ್ಕ ಇದ್ದರೆ ಎರಡು 3ರಲ್ಲಿ ಕನಿಷ್ಠ ಒಂದು ಕಪ್ಪಾಗಲೇಬೇಕು. ಯಾವುದಾದರೂ 7 ಅದರ ನೆರೆ, ಹಾಗಾಗಿ 7 ಬಿಳಿ. ‘3 3’ ಜೋಡಿ ಇದ್ದು ಅದೇ ಸಾಲಿನಲ್ಲಿ ದೂರದಲ್ಲಿ ಇನ್ನೊಂದು 3 ಇದ್ದರೆ ಆ ದೂರದ್ದು ಕಪ್ಪು. ಜೋಡಿಯಲ್ಲಿ ಎರಡೂ ಕಪ್ಪಾಗುವಂತಿಲ್ಲ, ಎರಡೂ ಬಿಳಿಯಾಗುವಂತಿಲ್ಲ, ಅಂದಮೇಲೆ ಆ ಸಾಲಿಗೆ ಸಿಗಬೇಕಾದ ಒಂದೇ ಒಂದು 3 ಜೋಡಿಯೊಳಗೇ ಇದೆ. ‘3 3 3’ ಬಂದರೆ ನಡುವಿನದು ಬಿಳಿ, ಎರಡು ತುದಿಗಳು ಕಪ್ಪು.

ಮೂಲೆ ಮಾತ್ರ ಬೇರೆಯದೇ ಸೊಗಸು. ಎಡ ಮೇಲ್ಮೂಲೆಯ ನಾಲ್ಕು ಮನೆಗಳಲ್ಲಿ ಮೇಲೆ ‘5 5’, ಕೆಳಗೆ ‘2 2’ ಇದೆ ಅನ್ನಿ. ಮೇಲೊಂದು, ಕೆಳಗೊಂದು ಕಪ್ಪಾಗಬೇಕು. ಎರಡೂ ತಾಗಬಾರದು ಅಂದರೆ ಕರ್ಣದಲ್ಲಿ ಬರಬೇಕು. ಎರಡು ಕರ್ಣಗಳಿವೆ. ಮೇಲೆ ಬಲಗಡೆಯ 5, ಕೆಳಗೆ ಎಡಗಡೆಯ 2 ಕಪ್ಪಾದರೆ ಮೂಲೆಮನೆಯ ಎರಡೂ ಬಾಗಿಲು ಮುಚ್ಚಿ ಅದು ಒಳಗೇ ಸಿಕ್ಕಿಬೀಳುತ್ತದೆ, ಬಿಳಿ ಒಡೆಯುತ್ತದೆ. ಹಾಗಾಗಿ ಮೂಲೆಯ 5 ಮತ್ತು ಅದರ ಕರ್ಣದ 2 ಕಪ್ಪು. ಬೇರೆ ಏನನ್ನೂ ನೋಡದೆ ನಾಲ್ಕು ಮನೆ ಇತ್ಯರ್ಥ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಮಾತು: ತನ್ನ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಎಲ್ಲೂ ಪುನರಾವರ್ತನೆಯಾಗದ ಅಂಕಿ ಎಂದೂ ಕಪ್ಪಾಗುವುದಿಲ್ಲ. ಅದು ಕಪ್ಪಾಗಿರುವ ಉತ್ತರವೊಂದು ಇದ್ದರೆ, ಅದನ್ನು ಬಿಳಿ ಮಾಡಿದರೂ ಯಾವ ನಿಯಮವೂ ಮುರಿಯುವುದಿಲ್ಲ. ಪುನರಾವರ್ತನೆ ಇಲ್ಲ, ಅದರ ನೆರೆಗಳೆಲ್ಲ ಬಿಳಿಯೇ ಆಗಿರುವುದರಿಂದ ಅದು ಒಂಟಿಯಾಗುವುದೂ ಇಲ್ಲ. ಆಗ ಎರಡು ಉತ್ತರಗಳಾದವು. ಇಲ್ಲಿನ ಜಾಲಗಳಿಗೆ ಉತ್ತರ ಒಂದೇ, ಅಂದಮೇಲೆ ಆ ಅಂಕಿಗಳಿಗೆಲ್ಲ ಆಟ ಶುರುವಾದ ಕೂಡಲೇ ಬಿಳಿ ಅನ್ನುವ ಗುರುತಾಗಿ ವೃತ್ತ ಹಾಕಿಬಿಡಬಹುದು. ಬಲಗುಂಡಿ ಇರುವುದೇ ಅದಕ್ಕೆ. ಕಪ್ಪು ಹಾಕಿದ ತಕ್ಷಣ ಅದರ ನಾಲ್ಕು ನೆರೆಗೆ ವೃತ್ತ. ವೃತ್ತ ಬಿದ್ದ ಅಂಕಿ ಆ ಎರಡು ಸಾಲಿನಲ್ಲಿ ಇನ್ನೆಲ್ಲಿದ್ದರೂ ಅದು ಕಪ್ಪು. ಅದರ ನೆರೆಗೆ ಮತ್ತೆ ವೃತ್ತ. ಈ ಸರಪಳಿಯನ್ನು ನಡುವೆ ಬಿಟ್ಟು ಬೇರೆ ಮೂಲೆಗೆ ಹಾರುವುದರಿಂದಲೇ ಬಹುಪಾಲು ಆಟ ನಿಲ್ಲುತ್ತದೆ. ‘ಟ್ರಿಕಿ’ ಮಟ್ಟಕ್ಕೆ ಹೋದಾಗ ಕರ್ಣದಲ್ಲಿ ಸಾಗುವ ಕಪ್ಪಿನ ಸಾಲುಗಳ ಮೇಲೆ ಕಣ್ಣಿರಲಿ. ಒಂದು ಅಂಚಿನಿಂದ ಹೊರಟ ಅಂಥ ಸಾಲು ಇನ್ನೊಂದು ಅಂಚು ಮುಟ್ಟಿದರೆ ಅಥವಾ ಸುತ್ತಿ ಬಂದು ತನ್ನನ್ನೇ ಕೂಡಿದರೆ ಬಿಳಿ ಎರಡು ಹೋಳು. ಮುಟ್ಟಲು ಒಂದೇ ಮನೆ ಬಾಕಿ ಇದ್ದರೆ ಆ ಮನೆ ಬಿಳಿ.

ಮೊಸಾಯಿಕ್ ಹಗುರ. ಪ್ರತಿ ಅಂಕಿ ತನ್ನ ಸುತ್ತಲಿನ, ತಾನೂ ಸೇರಿ ಒಂಬತ್ತು ಮನೆಗಳಲ್ಲಿ ಎಷ್ಟು ಕಪ್ಪು ಅಂತ ಹೇಳುತ್ತದೆ. 0, 9, ಮೂಲೆಯ 4, ಅಂಚಿನ 6 ಮುಗಿಸಿದ ಮೇಲೆ ಪಕ್ಕಪಕ್ಕದ ಅಂಕಿಗಳ ವ್ಯತ್ಯಾಸ ನೋಡಿ. ಜಾಲದ ಒಳಗೆ ‘7 4’ ಅಕ್ಕಪಕ್ಕ ಬಂದರೆ ಇಬ್ಬರಿಗೂ ಆರು ಮನೆ ಸಮಾನ, ತಲಾ ಮೂರು ಮನೆ ಸ್ವಂತ. ವ್ಯತ್ಯಾಸ 3 ಬರಬೇಕಾದರೆ 7ರ ಸ್ವಂತದ ಮೂರೂ ಕಪ್ಪು, 4ರ ಸ್ವಂತದ ಮೂರೂ ಬಿಳಿ. ಅನ್‌ರೂಲಿ ಒಂದು ವಾರಕ್ಕೆ ಮುಗಿಯುವ ಆಟ, ಅದರ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

ಇನ್ನು ದೂರುಗಳು. ದೊಡ್ಡದು, ನುರಿಕಬೆ ಮತ್ತು ಹೆಯಾವಾಕೆ ಇದರಲ್ಲಿ ಇಲ್ಲವೇ ಇಲ್ಲ. ಕಪ್ಪು ತುಂಬುವ ಪಜಲ್‌ಗಳಲ್ಲಿ ಅತಿ ಶ್ರೀಮಂತವಾದ ಎರಡನ್ನೇ ಬಿಟ್ಟಂತಾಯಿತು. ನುರಿಕಬೆಯಲ್ಲಿ ಅಂಕಿಗಳು ಬಿಳಿ ದ್ವೀಪಗಳ ಅಳತೆ, ಕಪ್ಪೆಲ್ಲ ಸೇರಿ ಒಂದೇ ಹೊಳೆ, ಆ ಹೊಳೆಯಲ್ಲಿ ಎಲ್ಲೂ 2×2 ಕೊಳ ಆಗಬಾರದು. ಆ ‘ಕೊಳ ಬೇಡ’ ನಿಯಮದಿಂದ ಹುಟ್ಟುವ ತರ್ಕಕ್ಕೆ ಈ ಐದರಲ್ಲಿ ಸಾಟಿ ಇಲ್ಲ. ಅದಕ್ಕೆ ‘ಪಜ್ ಲಿಂಕ್’ ಜಾಲತಾಣಕ್ಕೋ ನಿಕೊಲಿಗೋ ಹೋಗಬೇಕು. ಹೆಯಾವಾಕೆಗೆ ಮಾತ್ರ ಸಿಂಗಲ್ಸ್‌ನ ಅಭ್ಯಾಸ ನೇರ ಉಪಯೋಗಕ್ಕೆ ಬರುತ್ತದೆ. ಕಪ್ಪು ತಾಗಬಾರದು, ಬಿಳಿ ಒಡೆಯಬಾರದು ಅನ್ನುವುದು ಅಲ್ಲೂ ಇದೆ. ಮೂಲೆಯಲ್ಲಿ 2×2 ಕೋಣೆಗೆ ‘2’ ಅಂತ ಬರೆದಿದ್ದರೆ, ಅಂದರೆ ಅದರಲ್ಲಿ ಎರಡು ಕಪ್ಪು ಇರಬೇಕಾದರೆ, ಮೇಲೆ ಹೇಳಿದ 5 ಮತ್ತು 2ರ ವಾದವನ್ನೇ ಅಕ್ಷರ ಬದಲಿಸದೆ ಬಳಸಬಹುದು.

ಎರಡನೆಯದು, ಇವು ಯಂತ್ರ ಹುಟ್ಟಿಸಿದ ಜಾಲಗಳು. ಜಾಲ ಹೆಣೆದವರು ನಿಮ್ಮನ್ನು ಒಂದು ಕಡೆಗೆ ನಡೆಸಿಕೊಂಡು ಹೋಗಿ ಅಲ್ಲಿ ಒಂದೇ ಒಂದು ಹೆಜ್ಜೆಯಿಂದ ಇಡೀ ಜಾಲ ಬಿಚ್ಚುವಂತೆ ಮಾಡುವ ಕೈಚಳಕ ಇಲ್ಲಿ ಸಿಗುವುದಿಲ್ಲ. ಆ ರುಚಿ ಬೇಕಾದರೆ ಲಾಜಿಕ್ ಮಾಸ್ಟರ್ಸ್ ಇಂಡಿಯಾ ಜಾಲತಾಣದ ಸ್ಪರ್ಧೆಗಳು ಇವೆ. ಅಂದಹಾಗೆ 2017ರ ವಿಶ್ವ ಪಜಲ್ ಚಾಂಪಿಯನ್‌ಶಿಪ್ ನಡೆದದ್ದು ಬೆಂಗಳೂರಿನಲ್ಲೇ. ಊರಿನ ಪತ್ರಿಕೆಗಳ ಸುಡೊಕು ಮೂಲೆಯಾಚೆಗೆ ಈ ಆಟಗಳು ಇನ್ನೂ ಹಬ್ಬಿಲ್ಲ ಅನ್ನುವುದು ಬೇರೆ ಮಾತು.

ಮೂರನೆಯದು ತಪ್ಪು ತೋರಿಸುವ ರೀತಿ. ಪ್ಯಾಟರ್ನ್‌ನಲ್ಲಿ ಸುಳಿವಿಗೆ ಹೊಂದದ ಗುಂಪು ಮೂಡಿದರೆ ಸುಳಿವು ಕೆಂಪಾಗುತ್ತದೆ. ಸಿಂಗಲ್ಸ್‌ನಲ್ಲಿ ಕಪ್ಪು ತಾಗಿದರೆ ಕೆಂಪು. ಆದರೆ ಅದು ನಿಯಮ ಮುರಿದದ್ದನ್ನು ಮಾತ್ರ ನೋಡುತ್ತದೆ, ಉತ್ತರದ ಜತೆ ಹೋಲಿಸುವುದಿಲ್ಲ. ಕೆಂಪು ಕಾಣಲಿಲ್ಲ ಅಂದಮಾತ್ರಕ್ಕೆ ಹಾದಿ ಸರಿ ಇದೆ ಅಂತಲ್ಲ. ತಪ್ಪು ಹೆಜ್ಜೆ ಇಟ್ಟು ಇಪ್ಪತ್ತು ಮನೆ ಮುಂದೆ ಹೋದ ಮೇಲೆ ಕೆಂಪು ಬರಬಹುದು. ಆಗ ‘ಅನ್‌ಡೂ’ ಒತ್ತುತ್ತಾ, ‘ಈ ಮನೆಗೆ ಕಾರಣ ಏನಿತ್ತು’ ಅಂತ ಪ್ರತಿ ಹೆಜ್ಜೆಗೂ ಕೇಳಿಕೊಂಡು ಹಿಂದೆ ಬರಬೇಕು. ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಬರಬಹುದು. ‘ಸಾಲ್ವ್’ ಒತ್ತಿ ಉತ್ತರ ನೋಡಿ, ಮತ್ತೆ ‘ಅನ್‌ಡೂ’ ಮಾಡಿ ನಿಮ್ಮ ಜಾಲಕ್ಕೆ ಮರಳಲೂ ಆಗುತ್ತದೆ.

ಫೋನಿನಲ್ಲಿ 10×10 ಆರಾಮ, 15×15 ಪರವಾಗಿಲ್ಲ, 30×30 ಬೆರಳಿಗೆ ಒಗ್ಗುವುದಿಲ್ಲ. ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತು ಆಡಿದರಂತೂ ಪಕ್ಕದ ಮನೆ ಕಪ್ಪಾಗಿರುತ್ತದೆ, ಗೊತ್ತೂ ಆಗುವುದಿಲ್ಲ. ದೊಡ್ಡ ಜಾಲಕ್ಕೆ ಕಂಪ್ಯೂಟರೇ ಬೇಕು, ಇಲ್ಲವೇ ಕಾಗದ. ವಿಂಡೋಸ್ ಆವೃತ್ತಿಯಲ್ಲಿ ಪ್ರಿಂಟ್ ಸೌಲಭ್ಯವಿದೆ. ಒಂದು ಪುಟಕ್ಕೆ ಎಷ್ಟು ಜಾಲ ಅಂತ ಹೇಳಿದರೆ ಹೊಸದಾಗಿ ಹುಟ್ಟಿಸಿ ಜೋಡಿಸಿಕೊಡುತ್ತದೆ. ಪಿಡಿಎಫ್ ಮಾಡಿಕೊಂಡು ಜೆರಾಕ್ಸ್ ಅಂಗಡಿಗೆ ಹೋದರೆ ಮುಗಿಯಿತು. ಎ4 ಹಾಳೆಗೆ ಸಿಂಗಲ್ಸ್ ನಾಲ್ಕು ಹಾಕಬಹುದು, 20×20 ಪ್ಯಾಟರ್ನ್ ಒಂದೇ ಇರಲಿ, ಇಲ್ಲದಿದ್ದರೆ ಸುಳಿವಿನ ಅಂಕಿ ಕಣ್ಣಿಗೆ ಹತ್ತುವುದಿಲ್ಲ. ಪೆನ್ಸಿಲ್‌ನಲ್ಲಿ ಕಪ್ಪು ಮನೆಯನ್ನು ಪೂರ್ತಿ ಉಜ್ಜಬೇಡಿ, ಒಂದು ಓರೆಗೆರೆ ಸಾಕು, ಬಿಳಿಗೆ ಚುಕ್ಕಿ. ರಬ್ಬರಿನಿಂದ ಅಳಿಸಿದಾಗ ಮಸಿ ಹರಡಿ ಚುಕ್ಕಿಯೂ ಕಪ್ಪೂ ಒಂದೇ ಆಗುವ ಪಾಡು ತಪ್ಪುತ್ತದೆ.

ಜೊತೆಯಲ್ಲಿ ಆಡುವವರಿದ್ದರೆ, ಬ್ರೌಸರಿನಲ್ಲಿ ಜಾಲದ ಕೆಳಗೆ ಆ ಜಾಲಕ್ಕೇ ನೇರ ಹೋಗುವ ಕೊಂಡಿ ಇರುತ್ತದೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅವರಿಗೂ ಅದೇ ಜಾಲ ತೆರೆಯುತ್ತದೆ. ಒಂದೇ 15×15 ಅನ್ನು ಇಬ್ಬರು ಬಿಡಿಸಿ, ಮೊದಲು ಯಾವ ಸಾಲು ಹಿಡಿದಿರಿ ಅಂತ ಕೇಳಿ ನೋಡಿ. ಒಬ್ಬರು ‘9’ ಅನ್ನುತ್ತಾರೆ, ಇನ್ನೊಬ್ಬರು ‘5 4 3’ ಅನ್ನುತ್ತಾರೆ. ಯಾರು ಬೇಗ ಮುಗಿಸಿದ್ದು ಅಂತ ಕೇಳುವುದೇ ಬೇಡ.